ಹೊಳೆ ಇಳಿದರೂ ಬಾರದ ವಿಮೆ ಹಣ

(ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ಹೊಳೆದಂಡೆಯ ರೈತರನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ಇಂಥ ಸಭೆಗಳಲ್ಲಿ ತಾವು ಸಾಮಾನ್ಯವಾಗಿ ಕೇಳುವುದು ಕಬ್ಬಿನ ತಳಿ, ಗೊಬ್ಬರದ ಪ್ರಮಾಣ, ಗೊಣ್ಣೆಹುಳುವಿನ ಹತೋಟಿ ಮುಂತಾದ ವಿಷಯಗಳನ್ನು. ಇಂದು ನಾನು ಹೇಳಬೇಕೆಂದಿರುವುದು ಹೊಲದ ವಿಷಯವಲ್ಲ, ಮನೆಯ ವಿಷಯ. ಅದರಲ್ಲೂ ಮನೆಗೆ ವಿಮೆ ಇಳಿಸಿದ ಮೇಲೆ, ಹಾನಿಯಾದಾಗ ಕಂಪನಿಯವರು ಹಣ ಕೊಡಲು ತಡ ಮಾಡಿದರೆ ರೈತನು ಏನು ಮಾಡಬೇಕು ಎಂಬ ವಿಷಯ.

ಈ ನಾಲ್ಕು ತಾಲ್ಲೂಕುಗಳಲ್ಲಿ ಇದು ಎಲ್ಲಿಯದೋ ಮಾತಲ್ಲ. 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆ ಉಕ್ಕಿದಾಗ ಜಮಖಂಡಿ ತಾಲ್ಲೂಕಿನ ಮುತ್ತೂರು, ತುಬಚಿ, ಶೂರ್ಪಾಲಿಯ ಕಡೆ ಮನೆಗಳಿಗೆ ನೀರು ಹೊಕ್ಕಿದ್ದನ್ನು ಕಂಡವರು ಇಲ್ಲಿಯೇ ಕುಳಿತಿದ್ದೀರಿ. ಘಟಪ್ರಭೆ ಮುಧೋಳ ತಾಲ್ಲೂಕಿನ ಊರುಗಳನ್ನು ಅದೇ ವರ್ಷ ಮುಳುಗಿಸಿತು. 2021 ಮತ್ತು 2024ರ ಜುಲೈ ತಿಂಗಳುಗಳಲ್ಲಿ ಮತ್ತೆ ದಂಡೆ ಮೀರಿ ಬಂದಿತು. ಹಿಡಕಲ್ ಜಲಾಶಯದಿಂದ ನೀರು ಬಿಟ್ಟರೆಂಬ ಸುದ್ದಿ ಬಂದ ಕೂಡಲೇ ದನಕರುಗಳ ಹಗ್ಗ ಬಿಚ್ಚುವುದು ನಿಮಗೆ ಯಾರೂ ಕಲಿಸಿಕೊಡಬೇಕಾದ ಕೆಲಸವಲ್ಲ. ಆದರೆ ಹೊಳೆ ಇಳಿದ ಮೇಲೆ ಮಾಡಬೇಕಾದ ಕಾಗದದ ಕೆಲಸವನ್ನು ನಾವು ಅಷ್ಟು ಚುರುಕಾಗಿ ಮಾಡುವುದಿಲ್ಲ. ನಷ್ಟವಾಗುವುದು ಅಲ್ಲಿಯೇ.

ಮೊದಲು ಒಂದು ಗೊಂದಲ ಬಿಡಿಸೋಣ. 2019ರಲ್ಲಿ ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ, ಅಲ್ಪಸ್ವಲ್ಪ ಹಾನಿಯಾದ ಮನೆಗೆ 50 ಸಾವಿರ ರೂಪಾಯಿ ಎಂದು ವರ್ಗ ಮಾಡಿ ಕೊಟ್ಟದ್ದು ಪರಿಹಾರ ಧನ. ಅದು ಸರ್ಕಾರದ ನೆರವು. ವಿಮೆಯ ಹಣ ನೆರವಲ್ಲ. ನೀವು ಕಂತು ಕಟ್ಟಿ ಕೊಂಡುಕೊಂಡ ಹಕ್ಕು. ತಲಾಠಿಯವರು ಮತ್ತು ಪಂಚಾಯಿತಿಯ ಎಂಜಿನಿಯರರು ಬಂದು ಪಂಚನಾಮೆ ಮಾಡಿಕೊಂಡು ಹೋದರೆ ವಿಮೆ ಕಂಪನಿಗೆ ಸುದ್ದಿ ಮುಟ್ಟಿತೆಂದು ಅನೇಕರು ತಿಳಿಯುತ್ತಾರೆ. ಹಾಗಿಲ್ಲ. ಆ ಪಂಚನಾಮೆ ನಿಮಗೆ ಒಳ್ಳೆಯ ಸಾಕ್ಷಿ, ಅದರ ನಕಲು ಅವಶ್ಯವಾಗಿ ಪಡೆಯಿರಿ; ಆದರೆ ಕಂಪನಿಗೆ ನೀವೇ ಬೇರೆಯಾಗಿ ತಿಳಿಸಬೇಕು.

"ನಮ್ಮ ಮನೆಗೆ ವಿಮೆಯೇ ಇಲ್ಲವಲ್ಲ" ಎಂದು ನಿಮ್ಮಲ್ಲಿ ಹಲವರು ಅನ್ನಬಹುದು. ಮನೆ ಕಟ್ಟಲು ಬ್ಯಾಂಕಿನಿಂದಾಗಲಿ ಸೊಸೈಟಿಯಿಂದಾಗಲಿ ಸಾಲ ಪಡೆದವರು ಹಾಗೆ ಅನ್ನುವ ಮೊದಲು ಪಾಸ್‌ಬುಕ್ಕನ್ನೊಮ್ಮೆ ನೋಡಬೇಕು. ಸಾಲ ಕೊಡುವಾಗಲೇ ಮನೆಗೆ ವಿಮೆ ಮಾಡಿಸಿ, ಕಂತಿನ ಹಣವನ್ನು ಖಾತೆಯಿಂದ ಕಡಿದುಕೊಂಡಿರುವುದು ಬಹಳ ಕಡೆ ಉಂಟು. ಪಾಲಿಸಿಯ ಕಾಗದ ಬ್ಯಾಂಕಿನ ಕಪಾಟಿನಲ್ಲಿರುತ್ತದೆ, ಮನೆ ಬಿದ್ದವನು ತನಗೆ ವಿಮೆಯಿಲ್ಲವೆಂದು ಸುಮ್ಮನಿರುತ್ತಾನೆ. ಕೊಟ್ಟವ ಕೋಡಂಗಿ, ಇಸಗೊಂಡವ ಈರಭದ್ರ ಎಂಬಂತಾಗುತ್ತದೆ. ಬ್ಯಾಂಕಿಗೆ ಹೋಗಿ ಪಾಲಿಸಿಯ ನಕಲು ಕೇಳಿರಿ. ಅದರಲ್ಲಿ ಮೂರು ಸಂಗತಿ ನೋಡಬೇಕು: ವಿಮೆ ಯಾರ ಹೆಸರಿನಲ್ಲಿದೆ, ಯಾವ ದಿನಾಂಕದವರೆಗೆ ಇದೆ, ಹಣ ಯಾರಿಗೆ ಸಂದಾಯವಾಗಬೇಕೆಂದು ಬರೆದಿದೆ. ಸಾಲ ತೀರದಿದ್ದರೆ ಪರಿಹಾರದ ಹಣ ಮೊದಲು ಬ್ಯಾಂಕಿಗೆ ಹೋಗುವ ಷರತ್ತು ಬಹುಮಟ್ಟಿಗೆ ಇರುತ್ತದೆ. ಆದ್ದರಿಂದ ಕಂಪನಿಗೆ ಬರೆಯುವ ಪ್ರತಿಯೊಂದು ಪತ್ರದ ನಕಲನ್ನು ಬ್ಯಾಂಕಿನ ಮ್ಯಾನೇಜರರಿಗೂ ಕೊಡಿರಿ. ಹಣ ಬಂದರೆ ಅವರ ಸಾಲವೂ ತೀರುವುದರಿಂದ ಒತ್ತಾಯಿಸಲು ನಿಮಗೆ ಒಂದು ಜೊತೆ ಸಿಕ್ಕಂತಾಗುತ್ತದೆ.

2021ರ ಏಪ್ರಿಲ್ 1ರಿಂದ ದೇಶದ ಸಾಮಾನ್ಯ ವಿಮಾ ಕಂಪನಿಗಳೆಲ್ಲ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಮನೆ ಪಾಲಿಸಿಯನ್ನು ಮಾರಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ಗೊತ್ತುಮಾಡಿದೆ. ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹ, ನೀರು ನುಗ್ಗುವಿಕೆ, ಭೂಕುಸಿತ ಇವೆಲ್ಲ ಅದರೊಳಗೆ ಸೇರಿವೆ. ಮನೆಯ ಕಟ್ಟಡಕ್ಕೆ ವಿಮೆ ಮಾಡಿದರೆ ಮನೆಯೊಳಗಿನ ಸಾಮಾನಿಗೂ ಕಟ್ಟಡದ ಮೊತ್ತದ ಶೇಕಡಾ 20ರಷ್ಟು, ಹೆಚ್ಚೆಂದರೆ 10 ಲಕ್ಷ ರೂಪಾಯಿಯವರೆಗೆ, ತಾನಾಗಿಯೇ ರಕ್ಷಣೆ ಬರುತ್ತದೆ. ಬಿದ್ದ ಮಣ್ಣು ಕಲ್ಲು ತೆಗೆಸುವ ಖರ್ಚಿಗೆ ಪರಿಹಾರದ ಶೇಕಡಾ 2ರವರೆಗೆ, ಎಂಜಿನಿಯರರ ಫೀಸಿಗೆ ಶೇಕಡಾ 5ರವರೆಗೆ ಕೇಳಬಹುದು. ಮನೆ ವಾಸಕ್ಕೆ ಬಾರದಂತಾದರೆ ಬಾಡಿಗೆ ಮನೆಯ ವೆಚ್ಚವನ್ನೂ ಕೇಳಲು ಅವಕಾಶವಿದೆ. ಇವನ್ನು ಅರ್ಜಿಯಲ್ಲಿ ಬರೆಯದಿದ್ದರೆ ಕಂಪನಿಯವರು ತಾವಾಗಿ ನೆನಪಿಸುವರೆಂದು ನಂಬಿ ಕೂಡಬೇಡಿರಿ.

ರಬಕವಿ-ಬನಹಟ್ಟಿಯ ಬಂಧುಗಳಿಗೆ ಒಂದು ಮಾತು. ಪಡಸಾಲೆಯಲ್ಲಿ ಮಗ್ಗ ಹಾಕಿಕೊಂಡು ಒಳಗೆ ಸಂಸಾರ ಮಾಡುವ ಮನೆಗಳು ನಿಮ್ಮಲ್ಲಿ ಬಹಳ. ವಿಮೆಯ ಲೆಕ್ಕದಲ್ಲಿ ಮಗ್ಗ, ನೂಲು, ನೇಯ್ದ ಸೀರೆ ಇವು ಮನೆಯ ಸಾಮಾನಲ್ಲ, ಉದ್ಯೋಗದ ಸಾಮಾನು. ಅವಕ್ಕೆ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬ ಬೇರೆ ಪಾಲಿಸಿ ಇದೆ. ಮನೆ ಪಾಲಿಸಿ ಮಾಡಿಸುವಾಗ ಮನೆಯಲ್ಲಿ ಮಗ್ಗವಿದೆಯೆಂಬುದನ್ನು ಬರೆದೇ ಕೊಡಬೇಕು. ಮುಚ್ಚಿಟ್ಟರೆ ಮುಂದೆ ಅದೇ ತಕರಾರಿಗೆ ದಾರಿಯಾಗುತ್ತದೆ. ಹಾಗೆಯೇ ಗೋಡೆ ಮಣ್ಣಿನದೋ ಕಲ್ಲಿನದೋ, ಮೇಲೆ ಮಾಳಿಗೆಯೋ ತಗಡೋ ಆರ್‌ಸಿಸಿಯೋ ಎಂಬುದನ್ನೂ ಇದ್ದದ್ದು ಇದ್ದಂತೆ ಬರೆಸಿರಿ.

ಈಗ ಹಾನಿಯಾದ ದಿನಕ್ಕೆ ಬರೋಣ. ನೀರು ಇಳಿದ ಕೂಡಲೇ ಎಲ್ಲರೂ ಮಾಡುವ ಮೊದಲ ಕೆಲಸ ಕೆಸರು ತೊಳೆಯುವುದು. ಅದಕ್ಕೂ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಗೋಡೆಯ ಮೇಲೆ ನೀರು ನಿಂತ ಗೆರೆ ಕಾಣುತ್ತದೆಯಲ್ಲ, ಅದರ ಪಕ್ಕದಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸಿ ತೆಗೆಯಿರಿ. ಎಷ್ಟು ಎತ್ತರ ನೀರಿತ್ತೆಂದು ಯಾರಿಗಾದರೂ ತಿಳಿಯುತ್ತದೆ. ಆ ಗೆರೆಯೇ ನಿಮ್ಮ ಮುಖ್ಯ ಸಾಕ್ಷಿ. ಹೀಗೇಕೆ ಹೇಳುತ್ತೇನೆಂದರೆ, ಈ ಭಾಗದ ತಕರಾರುಗಳಲ್ಲಿ ಮೇಲಿಂದ ಮೇಲೆ ಬರುವ ಮಾತು ಒಂದೇ: "ಈ ಗೋಡೆ ಪ್ರವಾಹದಿಂದ ಬಿದ್ದದ್ದಲ್ಲ, ಹಳೆಯದಾಗಿ ಬಿದ್ದದ್ದು." ನಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ; ಅದರ ಮೇಲೆ ಕಟ್ಟಿದ ಗೋಡೆ ಸೀಳು ಬಿಡುವುದು ಸಹಜ. ಪಾಲಿಸಿಯಲ್ಲಿ ಸಾಧಾರಣ ಸೀಳು, ಸವಕಳಿ, ಕಟ್ಟಡದ ದೋಷ ಇವಕ್ಕೆ ಹಣವಿಲ್ಲ. ಪ್ರವಾಹಕ್ಕೆ ಮೊದಲೇ ಇದ್ದ ಸೀಳು ಯಾವುದು, ನೀರು ನಿಂತ ಮೇಲೆ ಕುಸಿದದ್ದು ಯಾವುದು ಎಂದು ತೋರಿಸುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ. ವರ್ಷಕ್ಕೊಮ್ಮೆ, ಮೃಗಶಿರಾ ಮಳೆಗೆ ಮೊದಲು, ಮನೆಯ ನಾಲ್ಕೂ ಗೋಡೆಗಳ ಫೋಟೋ ತೆಗೆದಿಟ್ಟುಕೊಂಡವನಿಗೆ ಈ ವಾದದಲ್ಲಿ ಅರ್ಧ ಗೆಲುವು ಸಿಕ್ಕಂತೆಯೇ.

ಹೊಳೆ ಬಾರದೆ, ಎಡೆಬಿಡದ ಮಳೆಗೆ ಮಾಳಿಗೆ ನೆನೆದು ಬಿದ್ದಿದ್ದರೆ ಸಂಗತಿ ಇನ್ನೂ ತೊಡಕು. ಆಗ ಕಂಪನಿಯವರು "ಇದು ನೀರು ನುಗ್ಗಿದ್ದಲ್ಲ, ಬರೀ ಸೋರಿಕೆ" ಎನ್ನುತ್ತಾರೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟಿದ್ದಾರೆ. ಆ ದಿನಗಳ ನಿಮ್ಮ ಪಂಚಾಯಿತಿಯ ಮಳೆಯ ಲೆಕ್ಕವನ್ನು ಪಡೆದು ಅರ್ಜಿಗೆ ಹಚ್ಚಿರಿ. ಸುತ್ತಲಿನ ಓಣಿಯಲ್ಲಿ ನೀರು ನಿಂತ ಫೋಟೋ ಇದ್ದರೆ ಅದನ್ನೂ ಸೇರಿಸಿರಿ.

ಕಂಪನಿಗೆ ಅದೇ ದಿನ, ತಪ್ಪಿದರೆ ಮರುದಿನ ಫೋನಿನಲ್ಲಿ ತಿಳಿಸಿ, ಕ್ಲೇಮು ನಂಬರನ್ನು ಬರೆದುಕೊಳ್ಳಿರಿ. ಕ್ಲೇಮು ಫಾರ್ಮನ್ನು 30 ದಿನಗಳೊಳಗೆ ತುಂಬಿ ಕೊಡಬೇಕು. ರಸ್ತೆ ಮುಳುಗಿ, ಕರೆಂಟು ಹೋಗಿ, ಊರವರೆಲ್ಲ ಗಂಜಿ ಕೇಂದ್ರದಲ್ಲಿದ್ದು ತಿಳಿಸುವುದು ತಡವಾದರೆ ಆ ಕಾರಣವನ್ನು ಸ್ಪಷ್ಟವಾಗಿ ಬರೆಯಿರಿ. ತಪ್ಪಿಸಲಾಗದ ಕಾರಣದಿಂದಾದ ತಡವನ್ನೇ ನೆಪ ಮಾಡಿ ನ್ಯಾಯವಾದ ಕ್ಲೇಮನ್ನು ತಿರಸ್ಕರಿಸಬಾರದೆಂದು ನಿಯಂತ್ರಣ ಪ್ರಾಧಿಕಾರ 2011ರ ಸೆಪ್ಟೆಂಬರಿನಲ್ಲಿಯೇ ಕಂಪನಿಗಳಿಗೆ ತಿಳಿಸಿದೆ.

ಮುಂದೆ ಬರುವವರು ಸರ್ವೇಯರು. ಇವರು ನಷ್ಟ ಅಂದಾಜು ಮಾಡುವ, ಲೈಸೆನ್ಸು ಪಡೆದ ತಜ್ಞರು. ಅವರಿಗೆ ಫೀಸು ಕೊಡುವುದು ಕಂಪನಿ, ನೀವಲ್ಲ. ಹೋಗಿಬರುವ ಖರ್ಚೆಂದು ಕೇಳಿದರೂ ಕೊಡುವ ಕಾರಣವಿಲ್ಲ. ಅವರು ಬಂದಾಗ ಮನೆಯವರು ಇರಲೇಬೇಕು. ಸಾಧ್ಯವಾದರೆ ಓದುಬರಹ ಬಲ್ಲ ಒಬ್ಬ ಮಗನೋ ಮಗಳೋ ಜೊತೆಗಿದ್ದು, ಅವರು ಏನೇನು ಅಳೆದರು, ಯಾವ ಕಾಗದ ಕೇಳಿದರು ಎಂಬುದನ್ನು ನೋಟುಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಕೆಟ್ಟುಹೋದ ಟಿವಿ, ಹಿಟ್ಟಿನ ಗಿರಣಿಯ ಮೋಟಾರು, ನೆನೆದ ಹಾಸಿಗೆ ಇವನ್ನು ಅವರು ನೋಡುವವರೆಗೆ ತಿಪ್ಪೆಗೆ ಹಾಕಬೇಡಿರಿ. ಬೀಳುವಂತಿರುವ ಗೋಡೆಗೆ ಆಸರೆ ಕೊಡಬಹುದು, ಕೊಡಲೂಬೇಕು. ಆದರೆ ಫೋಟೋ ಇಲ್ಲದೆ ಪೂರ್ತಿ ಕೆಡವಿ ಹೊಸದು ಕಟ್ಟಿದರೆ ಸಾಕ್ಷಿಯನ್ನು ನೀವೇ ಅಳಿಸಿದಂತಾಗುತ್ತದೆ. ಸರ್ವೇಯರ ವರದಿಯ ಪ್ರತಿಯನ್ನು ಕೇಳಿ ಪಡೆಯುವ ಹಕ್ಕು ನಿಮಗಿದೆ. ಆ ವರದಿಯೇ ಕೊನೆಯ ಮಾತಲ್ಲವೆಂದು ಸುಪ್ರೀಂ ಕೋರ್ಟು 2009ರಲ್ಲಿ ಒಂದು ಪ್ರಕರಣದಲ್ಲಿ ಹೇಳಿದೆ. ಅದು ಲಾರಿಯೊಂದರ ವಿಮೆಯ ಪ್ರಕರಣವಾದರೂ ತತ್ವ ಮನೆಗೂ ಅದೇ.

ಇನ್ನು ತಡದ ಮಾತು. ತಡ ಎಂದರೆ ಯಾವಾಗಿನಿಂದ ತಡ ಎಂಬುದನ್ನು ತಿಳಿಯದವನು ಜಗಳವಾಡಿ ಫಲವಿಲ್ಲ. 2024ರಲ್ಲಿ ಪ್ರಾಧಿಕಾರ ಹೊರಡಿಸಿದ ಸುತ್ತೋಲೆಗಳ ಪ್ರಕಾರ, ಹಾನಿ ತಿಳಿಸಿದ 24 ಗಂಟೆಗಳಲ್ಲಿ ಸರ್ವೇಯರನ್ನು ಗೊತ್ತುಮಾಡಬೇಕು. ಸರ್ವೇಯರ ವರದಿ 15 ದಿನಗಳಲ್ಲಿ ಬರಬೇಕು. ವರದಿ ಬಂದ 7 ದಿನಗಳಲ್ಲಿ ಕಂಪನಿ ತನ್ನ ನಿರ್ಧಾರ ತಿಳಿಸಬೇಕು. ಉದಾಹರಣೆಗೆ ಆಗಸ್ಟ್ 10ರಂದು ನೀವು ತಿಳಿಸಿದಿರಿ ಎಂದುಕೊಳ್ಳೋಣ. 11ಕ್ಕೆ ಸರ್ವೇಯರು ಗೊತ್ತಾಗಬೇಕು, 26ಕ್ಕೆ ವರದಿ ಕಂಪನಿಯ ಕೈಯಲ್ಲಿರಬೇಕು, ಸೆಪ್ಟೆಂಬರ್ 2ಕ್ಕೆ ಹೌದು ಅಥವಾ ಅಲ್ಲ ಎಂಬ ಉತ್ತರ ನಿಮಗೆ ಬರಬೇಕು. ಇದಕ್ಕೆ ಮೊದಲು, 2017ರ ನಿಯಮಗಳಲ್ಲಿ, ವರದಿಗೆ 30 ದಿನ, ನಿರ್ಧಾರಕ್ಕೆ ಮತ್ತೆ 30 ದಿನ ಇತ್ತು. 2019ರ ಹಾನಿಗೆ ಲೆಕ್ಕ ಹಾಕುವವರು ಆ ಹಳೆಯ ಗಡುವನ್ನೇ ಹಿಡಿಯಬೇಕು. ತಡವಾಗಿ ಕೊಟ್ಟ ಹಣಕ್ಕೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೇಲೆ ಶೇಕಡಾ 2 ಸೇರಿಸಿ ಬಡ್ಡಿ ಕೊಡಬೇಕೆಂಬ ನಿಯಮ ಹಿಂದೆಯೂ ಇತ್ತು, ಈಗಲೂ ಇದೆ. ಆದರೆ ಬಡ್ಡಿಯನ್ನು ಬಾಯಿಬಿಟ್ಟು ಕೇಳುವವರೇ ಕಡಿಮೆ.

ತಡವು "ಕೊಡುವುದಿಲ್ಲ" ಎಂಬ ರೂಪದಲ್ಲಿ ಬರುವುದು ಅಪರೂಪ. "ಇನ್ನೊಂದು ಕಾಗದ ಬೇಕು" ಎಂಬ ರೂಪದಲ್ಲಿಯೇ ಅದು ಬರುತ್ತದೆ. ಈ ವಾರ ಉತಾರ, ಮುಂದಿನ ವಾರ ತೆರಿಗೆ ಪಾವತಿ, ಆಮೇಲೆ ಎಂಜಿನಿಯರರ ಅಂದಾಜು ಪಟ್ಟಿ, ಆಮೇಲೆ "ಫೈಲು ವಿಭಾಗೀಯ ಕಚೇರಿಗೆ ಹೋಗಿದೆ". ಇದಕ್ಕೆ ಉಪಾಯವೆಂದರೆ ಬೇಕಾದ ಕಾಗದಗಳ ಪೂರ್ಣ ಪಟ್ಟಿಯನ್ನು ಒಮ್ಮೆಗೇ, ಬರಹದಲ್ಲಿ ಕೇಳುವುದು. ಕ್ಲೇಮಿಗೆ ನೇರವಾಗಿ ಸಂಬಂಧಿಸಿದ ಕಾಗದಗಳನ್ನು ಮಾತ್ರ ಕೇಳಬೇಕು, ಕಾಗದ ಸಾಲದೆಂಬ ಕಾರಣಕ್ಕೇ ಕ್ಲೇಮು ತಿರಸ್ಕರಿಸಬಾರದು ಎಂದು 2024ರ ಸುತ್ತೋಲೆಯಲ್ಲಿಯೇ ಇದೆ. ಕಾಗದ ಕೊಟ್ಟಾಗಲೆಲ್ಲ ನಕಲಿನ ಮೇಲೆ ಸಹಿ, ತಾರೀಖು, ಶಿಕ್ಕೆ ಹಾಕಿಸಿಕೊಳ್ಳಿರಿ. ದೂರದ ಕಚೇರಿಯಾದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀತಿ ಕಾದಿಡಿರಿ.

ಮನೆಯ ಉತಾರದ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮ ಹಳ್ಳಿಗಳಲ್ಲಿ ಮನೆ ಇನ್ನೂ ಅಜ್ಜನ ಹೆಸರಿನಲ್ಲಿ, ವಾಸ ಮೂವರು ಅಣ್ಣತಮ್ಮಂದಿರದು, ಸಾಲ ಮತ್ತು ವಿಮೆ ನಡುವಿನವನ ಹೆಸರಿನಲ್ಲಿ. ಕಂಪನಿಗೆ ಇದಕ್ಕಿಂತ ಒಳ್ಳೆಯ ನೆಪ ಬೇಕಿಲ್ಲ. ವಾರಸಾ ಮಾಡಿಸಿ, ಪಂಚಾಯಿತಿಯ ಇ-ಸ್ವತ್ತು ನಮೂನೆಯನ್ನು ಸರಿಪಡಿಸಿಕೊಳ್ಳುವುದು ಹೊಳೆ ಬರುವ ಮೊದಲಿನ ಕೆಲಸ. ಆಗಲೇ ಹಾನಿಯಾಗಿದ್ದರೆ ಉಳಿದ ಹಕ್ಕುದಾರರ ಒಪ್ಪಿಗೆ ಪತ್ರವನ್ನು ಕ್ಲೇಮಿನ ಜೊತೆಗೇ ಕೊಟ್ಟುಬಿಡಿರಿ. ಅವರು ಕೇಳಲೆಂದು ಕಾಯಬೇಡಿರಿ.

ಗಡುವು ಮೀರಿದರೆ ಬರೆಯಬೇಕಾದ ಪತ್ರ ಹೀಗಿರಲಿ. ಕಚೇರಿಯ ಭಾಷೆ ಬೇಕಿಲ್ಲ.

"ಮಾನ್ಯರೇ, ನನ್ನ ಮನೆ ವಿಮೆಯ ಪಾಲಿಸಿ ನಂಬರು ಇಂಥದು. ಇಂಥ ದಿನಾಂಕದಂದು ಘಟಪ್ರಭಾ ನದಿಯ ಪ್ರವಾಹದಿಂದ ಮನೆಗೆ ಹಾನಿಯಾದುದನ್ನು ಇಂಥ ದಿನ ತಮಗೆ ತಿಳಿಸಿದ್ದೇನೆ. ಕ್ಲೇಮು ನಂಬರು ಇಂಥದು. ಸರ್ವೇಯರು ಇಂಥ ದಿನ ಬಂದು ನೋಡಿದ್ದಾರೆ. ಅವರು ಕೇಳಿದ ಕಾಗದಗಳನ್ನು ಇಂಥ ದಿನ ಕೊಟ್ಟಿದ್ದೇನೆ, ಪಾವತಿಯ ನಕಲು ಲಗತ್ತಿಸಿದೆ. ಇಂದಿಗೆ ಇಷ್ಟು ದಿನಗಳಾದರೂ ತಮ್ಮ ನಿರ್ಧಾರ ತಿಳಿದಿಲ್ಲ. ಇನ್ನೂ ಯಾವುದಾದರೂ ಕಾಗದ ಬೇಕಿದ್ದರೆ ಪೂರ್ಣ ಪಟ್ಟಿಯನ್ನು ಬರಹದಲ್ಲಿ ಕೊಡಬೇಕು. ಸರ್ವೇಯರ ವರದಿಯ ಪ್ರತಿಯನ್ನು ಕಳಿಸಬೇಕು. ತಕರಾರಿಲ್ಲದ ಮೊತ್ತವನ್ನು ಕೂಡಲೇ ಕೊಟ್ಟು, ತಡವಾದ ದಿನಗಳಿಗೆ ನಿಯಮದಂತೆ ಬಡ್ಡಿ ಸೇರಿಸಬೇಕು."

ಈ ಪತ್ರ ಕಂಪನಿಯ ಶಾಖೆಗಲ್ಲದೆ ಅದರ ಕುಂದುಕೊರತೆ ಅಧಿಕಾರಿಗೂ ಹೋಗಬೇಕು. ವಿಳಾಸ ಪಾಲಿಸಿಯಲ್ಲಿಯೇ ಅಚ್ಚಾಗಿರುತ್ತದೆ. ಅವರು ಎರಡು ವಾರಗಳಲ್ಲಿ ಉತ್ತರಿಸಬೇಕು. ಉತ್ತರವಿಲ್ಲದಿದ್ದರೆ ನಿಯಂತ್ರಣ ಪ್ರಾಧಿಕಾರದ 'ಬೀಮಾ ಭರೋಸಾ' ವ್ಯವಸ್ಥೆಯಲ್ಲಿ, ಅಥವಾ 155255ಕ್ಕೆ ಫೋನು ಮಾಡಿ ದೂರು ದಾಖಲಿಸಬಹುದು. ಪ್ರಾಧಿಕಾರವು ನ್ಯಾಯ ತೀರ್ಮಾನ ಮಾಡುವುದಿಲ್ಲ, ಕಂಪನಿಯಿಂದ ಉತ್ತರ ಹೊರಡಿಸುತ್ತದೆ. ನಿದ್ದೆ ಹೋದ ಫೈಲು ಏಳಲು ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಕಡಿಮೆ ಹಣ ಕೊಟ್ಟು "ಪೂರ್ಣ ತೀರುವಳಿ" ಎಂದು ಸಹಿ ಕೇಳುವ ಕಾಗದದ ಬಗ್ಗೆ ಎಚ್ಚರವಿರಲಿ. ಆರು ತಿಂಗಳು ಕಾದು, ಮನೆ ಅರ್ಧ ನಿಂತು, ಉಸುಕಿನವನು ಸಾಲ ಕೇಳುತ್ತಿರುವಾಗ ರೈತ ಯಾವುದಕ್ಕಾದರೂ ಸಹಿ ಹಾಕುತ್ತಾನೆ. ಒಪ್ಪಿಗೆಯಿಲ್ಲದಿದ್ದರೆ ಸಹಿಯ ಮೇಲೆ "ಭಾಗಶಃ ಹಣವೆಂದು ತಕರಾರು ಕಾದಿರಿಸಿ ಪಡೆದಿದ್ದೇನೆ" ಎಂದು ಬರೆಯಿರಿ, ಅದರ ಫೋಟೋ ಇಟ್ಟುಕೊಳ್ಳಿರಿ. ಒತ್ತಾಯದಿಂದಲೋ ಮೋಸದಿಂದಲೋ ಪಡೆದ ಸಹಿ ಗ್ರಾಹಕನ ಹಕ್ಕನ್ನು ಮುಗಿಸುವುದಿಲ್ಲವೆಂದು ಸುಪ್ರೀಂ ಕೋರ್ಟು 1999ರಲ್ಲಿ ಹೇಳಿದೆಯಾದರೂ, ಒತ್ತಾಯವಿತ್ತೆಂದು ಆಮೇಲೆ ರುಜುವಾತು ಮಾಡುವುದು ಸುಲಭವಲ್ಲ.

ಕಂಪನಿಗೆ ಬರೆದು ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಓಂಬುಡ್ಸ್‌ಮನ್ ಅವರಿಗೆ ದೂರು ಕೊಡಬಹುದು. ಇಡೀ ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಫೀಸಿಲ್ಲ, ವಕೀಲರ ಅಗತ್ಯವಿಲ್ಲ. ವಕೀಲರಿಗೆ ಅಲ್ಲಿ ಅವಕಾಶವೂ ಇಲ್ಲ. 50 ಲಕ್ಷ ರೂಪಾಯಿಯವರೆಗಿನ ವಿವಾದ ಅವರ ವ್ಯಾಪ್ತಿಯೊಳಗೆ ಬರುತ್ತದೆ. ಟಪಾಲಿನಲ್ಲಿಯೂ ಕಳಿಸಬಹುದು, ವಿಚಾರಣೆಯನ್ನು ವಿಡಿಯೋ ಮೂಲಕ ನಡೆಸುವ ಸೌಕರ್ಯವೂ ಆಗಿದೆ; ಜಮಖಂಡಿಯಿಂದ ರಾತ್ರಿ ಬಸ್ಸು ಹತ್ತಲೇಬೇಕೆಂದಿಲ್ಲ. ಅವರ ತೀರ್ಪು ಕಂಪನಿಗೆ ಕಡ್ಡಾಯ, ನಿಮಗೆ ಕಡ್ಡಾಯವಲ್ಲ. ಆದರೆ ಕಂಪನಿಯ ಕೊನೆಯ ಉತ್ತರ ಬಂದು ಒಂದು ವರ್ಷದೊಳಗೆ ಹೋಗಬೇಕು, ಮತ್ತು ಅದೇ ವಿಷಯ ಕೋರ್ಟಿನಲ್ಲಾಗಲಿ ಗ್ರಾಹಕರ ಆಯೋಗದಲ್ಲಾಗಲಿ ಇರಬಾರದು. ಆದ್ದರಿಂದ ಮೊದಲು ಇಲ್ಲಿಗೆ ಹೋಗುವುದು ಜಾಣತನವೆಂದು ನನ್ನ ಅಭಿಪ್ರಾಯ.

ಅದೂ ಸಾಲದಾದರೆ ಬಾಗಲಕೋಟೆಯ ಜಿಲ್ಲಾ ಗ್ರಾಹಕರ ಆಯೋಗವಿದೆ. 2020ರ ಜುಲೈ 20ರಿಂದ ಜಾರಿಯಾದ ಹೊಸ ಗ್ರಾಹಕ ಕಾಯಿದೆಯಂತೆ ಕಂಪನಿಯ ಕಚೇರಿ ಮುಂಬಯಿಯಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಹೂಡಬಹುದು. ಫೀಸನ್ನು ನೀವು ಕಟ್ಟಿದ ಕಂತಿನ ಮೇಲೆ ಎಣಿಸುತ್ತಾರೆ, ಕೇಳಿದ ಪರಿಹಾರದ ಮೇಲಲ್ಲ. 5 ಲಕ್ಷ ರೂಪಾಯಿಯವರೆಗೆ ಫೀಸೇ ಇಲ್ಲ. ತಕರಾರು ಹುಟ್ಟಿದ ಎರಡು ವರ್ಷಗಳೊಳಗೆ ಹೂಡಬೇಕು. 2019ರ ಕಡತ ಇನ್ನೂ ಹಾಗೆಯೇ ಬಿದ್ದಿರುವವರು ಕಂಪನಿಯಿಂದ ತಿರಸ್ಕಾರದ ಪತ್ರ ಬಂದಿದೆಯೇ, ಬಂದಿದ್ದರೆ ಯಾವ ತಾರೀಖಿನದು ಎಂದು ನೋಡಿ ವಕೀಲರಿಗೆ ತೋರಿಸಿರಿ. ವಕೀಲರ ಖರ್ಚಿಗೆ ಅಂಜಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೆಯ ಕಲಮಿನಲ್ಲಿ ಪ್ರವಾಹ, ಬರಗಾಲ, ಭೂಕಂಪಗಳಲ್ಲಿ ನೊಂದವರನ್ನು ಉಚಿತ ಕಾನೂನು ನೆರವಿಗೆ ಅರ್ಹರೆಂದು ಹೆಸರಿಸಿದೆ. ತಾಲ್ಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವೆಗಳ ಸಮಿತಿಯಲ್ಲಿ ಅರ್ಜಿ ಕೊಡಬಹುದು, 15100ಕ್ಕೆ ಫೋನು ಮಾಡಿಯೂ ಕೇಳಬಹುದು. ಈ ಸಂಗತಿಯನ್ನು ವಿಸ್ತರಣಾ ಕಾರ್ಯಕರ್ತರು ಪ್ರತಿ ಹಳ್ಳಿಯ ಸಭೆಯಲ್ಲಿ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ಇದನ್ನು ತಿಳಿದವರು ಬಹಳ ವಿರಳ.

ಕಡೆಯದಾಗಿ ಬೆಳೆ ವಿಮೆ. ಇದರ ದಾರಿ ಬೇರೆ. 2016ರ ಮುಂಗಾರಿನಿಂದ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಸಾಮಾನ್ಯವಾಗಿ ನಷ್ಟವನ್ನು ಬೆಳೆ ಕಟಾವು ಪ್ರಯೋಗದಿಂದ ಇಡೀ ಪ್ರದೇಶಕ್ಕೆ ಎಣಿಸುತ್ತಾರೆ. ನಿಮ್ಮ ಒಂದೇ ಹೊಲಕ್ಕೆ ಆಲಿಕಲ್ಲಿನಂಥ ಸ್ಥಳೀಯ ಹಾನಿಯಾದರೆ ಮಾತ್ರ 72 ಗಂಟೆಗಳಲ್ಲಿ ನೀವೇ ತಿಳಿಸಬೇಕು. ಅದಕ್ಕೆ 14447 ನಂಬರು ಇದೆ. ಅಲ್ಲಿಯ ಅಹವಾಲು ಓಂಬುಡ್ಸ್‌ಮನ್ ಅವರಿಗಲ್ಲ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಕುಂದುಕೊರತೆ ಸಮಿತಿಗೆ ಹೋಗುತ್ತದೆ. ಆದ್ದರಿಂದ ಮನೆಯ ಕಾಗದ ಒಂದು ಚೀಲದಲ್ಲಿ, ಬೆಳೆಯ ಕಾಗದ ಇನ್ನೊಂದರಲ್ಲಿ ಇರಲಿ. ಎರಡನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನೀರಿನ ಗೆರೆ ಮುಟ್ಟದಷ್ಟು ಎತ್ತರದಲ್ಲಿ ಇಡಿರಿ.